ಅರಿಶಿನ ಹಚ್ಚಿದ ಕ್ಯಾರಿಬೂ ಕೊಂಬು

ನಮ್ಮ ಕಾಕಾ ಜೀವಮಾನದಲ್ಲಿ ಒಂದು ಮೊಟ್ಟೆಯನ್ನೂ ಒಡೆದವರಲ್ಲ. ಆದರೆ ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆಯ ಕೊಂಬಿನ ವಿಷಯದಲ್ಲಿ ಅವರಿಗಿರುವಷ್ಟು ಜ್ಞಾನ ಸ್ವತಃ ಕ್ಯಾರಿಬೂಗಳಿಗೂ ಇಲ್ಲ! ಹುಬ್ಬಳ್ಳಿ ಬಿಟ್ಟು ಈ ಚಳಿದೇಶದ ವಿಟ್ಬಿ ಎಂಬ ಊರಿಗೆ ಬಂದು ಇಪ್ಪತ್ತು ವರ್ಷವಾಯಿತು. ಕಾಡಿಗೆ ಕಾಲಿಟ್ಟಿಲ್ಲ, ಬಂದೂಕು ಮುಟ್ಟಿಲ್ಲ. ಈ ಪಾಂಡಿತ್ಯವೆಲ್ಲ ಪಕ್ಕದ ಮನೆಯ ಬೇಟೆಗಾರ ಡೇವ್‌ನ ಜೊತೆ ಬೇಲಿಗೆ ಮೊಣಕೈ ಊರಿ ಸಂಪಾದಿಸಿದ್ದು.

ಅದರಿಂದ ತೊಂದರೆ ಯಾರಿಗೆ? ನಮಗೆ! ಸ್ಟುಡೆಂಟಾಗಿ ಬಂದು ಅವರ ಬೇಸ್‌ಮೆಂಟಲ್ಲಿ ಎರಡು ವರ್ಷ ಇದ್ದ ನಾನು ರೊಟ್ಟಿಯ ಜೊತೆ ದಿನವೂ ಕೊಂಬನ್ನೂ ನುಂಗಿದ್ದೇನೆ.

"ಸುಮಿ, ಕೊಂಬು ವರ್ಷಾ ಉದುರಿ ಹೊಸಾದು ಬರ್ತದ. ಬೆಳಿಯೂಮುಂದ ಮ್ಯಾಲೆ ಮೆತ್ತನ್ನ ರೋಮದ ಚರ್ಮ ಇರ್ತದ, ಅದಕ್ಕ ವೆಲ್ವೆಟ್ ಅಂತಾರ. ಒಳಗ ರಕ್ತ ಓಡ್ತದ. ಸೆಪ್ಟೆಂಬರಿಗೆ ಗಿಡಕ್ಕ ತಿಕ್ಕಿ ತಿಕ್ಕಿ ಕಿತ್ತು ಒಗೀತದ!"

ಒಂದು ಮದುವೆಯಲ್ಲಿ ಕಾಕಾ, ವೆಲ್ವೆಟ್ಟಿನ ಶೇರ್ವಾನಿ ತೊಟ್ಟ ಮದುಮಗನ ಕೈಕುಲುಕಿ, "ಸೆಪ್ಟೆಂಬರ್ ತನಕಾ ಹುಷಾರಪಾ" ಎಂದುಬಿಟ್ಟರು. ಅವನು ಪಾಪ, ಆಶೀರ್ವಾದವೆಂದೇ ತಿಳಿದು ಕಾಲಿಗೆ ಬಿದ್ದ.

ಈ ಸಲ ಪಾಂಡಿತ್ಯಕ್ಕೆ ಪರೀಕ್ಷೆ ಬಂತು. ಡೇವ್ ಆಗಸ್ಟಿನಲ್ಲಿ, ಸೀಸನ್ನಿನ ಶುರುವಿಗೇ ಉತ್ತರಕ್ಕೆ ಹೋಗಿ, ವೆಲ್ವೆಟ್ ಇನ್ನೂ ಬಿಡದ ಕೊಂಬಿನ ಜೋಡಿಯೊಂದನ್ನು ಐಸಿನಲ್ಲಿ ಹೂತು ತಂದ. ಹಿಂದೆಲ್ಲ ತಡವಾಗಿ ಹೋಗಿ ಬೋಳು ಕೊಂಬೇ ಸಿಕ್ಕಿತ್ತಂತೆ. ಮೊಣಕಾಲು ಕೈಕೊಟ್ಟಿದ್ದರಿಂದ ಇದೇ ಅವನ ಕೊನೆಯ ಬೇಟೆ. ಅವನ ಫ್ರೀಜರಿನ ತುಂಬ ಮಾಂಸ. ಕೊಂಬನ್ನು ಹದಮಾಡಿಕೊಡುವವನು ಸಿಗುವುದು ನಾಲ್ಕು ದಿನ ಬಿಟ್ಟು. "ನಿನ್ನ ಬೇಸ್‌ಮೆಂಟಲ್ಲಿ ದೊಡ್ಡ ಫ್ರೀಜರ್ ಇದೆಯಲ್ಲ?" ಎಂದು ಕೇಳಿದ. ಕಾಕಾ ಎದೆಯುಬ್ಬಿಸಿ "ನೋ ಪ್ರಾಬ್ಲೆಮ್!" ಎಂದರು.

ಐದನೆಯ ದಿನ ನನಗೆ ಕಾಕಾರ ಹೆಂಡತಿ ಕಾಕುವಿನ ಫೋನು: "ಲಗೂನ ಬಾರವಾ. ನಿಮ್ಮ ಕಾಕಾ ಕೊಂಬಿಗೆ ಅರಿಷಿಣ ಹಚ್ಯಾರ!"

ಹೌದು, ಮಹಾನುಭಾವರು ಕೊಂಬನ್ನು ಗರಾಜಿನಲ್ಲಿ ತೂಗುಹಾಕಿ, ಗಾಯಕ್ಕೆ ಹಚ್ಚುವಂತೆ ಉಪ್ಪು-ಅರಿಶಿನ ಬಳಿದಿದ್ದರು. ಅದೂ ಆಗಸ್ಟಿನ ಸೆಕೆಯಲ್ಲಿ! ನಾನು ಈಗಿರುವ ಸ್ಟ್ರೀಟ್ಸ್‌ವಿಲ್‌ನಿಂದ ಹೋಗಿ ಮುಟ್ಟುವಷ್ಟರಲ್ಲಿ ವೆಲ್ವೆಟ್ಟು ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದಿತ್ತು. ವಾಸನೆಯ ಮಾತು ಬೇಡ. ಡೇವ್ ಮೂಗು ಮುಚ್ಚುವುದನ್ನೂ ಮರೆತು ನಿಂತಿದ್ದ.

"ವಾಟ್ ಈಸ್ ದಿಸ್ ಯೆಲ್ಲೋ?"

"ಟರ್ಮರಿಕ್. ಆಂಟಿಸೆಪ್ಟಿಕ್," ಎಂದರು ಕಾಕಾ, ಸಣ್ಣ ದನಿಯಲ್ಲಿ.

ನನಗೆ ರೇಗಿಹೋಯಿತು. "ಬೆಚ್ಚಗಿಟ್ರ ವೆಲ್ವೆಟ್ ಕೆಡ್ತದ ಅಂತ ಸಾವಿರ ಸಲ ಹೇಳಿದವರು ನೀವ! ಫ್ರೀಜರಿಗೆ ಏನಾಗಿತ್ತು?"

"ಜಾಗಾ ಇರ್ಲಿಲ್ಲವಾ."

"ಅಂಥಾದ್ದೇನು ತುಂಬೀರಿ? ಬಂಗಾರ?"

ಡೇವ್‌ನನ್ನೂ ಎಳೆದುಕೊಂಡು ಬೇಸ್‌ಮೆಂಟಿಗೆ ಇಳಿದೆ. ಕಾಕಾರ ತಪ್ಪನ್ನು ಸಾಕ್ಷಿ ಸಮೇತ ತೋರಿಸುವ ಹುಮ್ಮಸ್ಸು ನನಗೆ! ಫ್ರೀಜರಿನ ಮುಚ್ಚಳ ಎತ್ತಿದೆ. ತಳದಿಂದ ಬಾಯಿವರೆಗೆ ಹೋಳಿಗೆಯ ಡಬ್ಬಿಗಳು. ಪ್ರತಿಯೊಂದರ ಮೇಲೂ ಟೇಪು, ಟೇಪಿನ ಮೇಲೆ ಕಾಕಾರ ಅಕ್ಷರದಲ್ಲಿ ಒಂದೊಂದು ಹೆಸರು. ಎಲ್ಲ ಆ ಬೇಸ್‌ಮೆಂಟಲ್ಲಿ ಇದ್ದು, ಓದಿ, ಕೆಲಸ ಹಿಡಿದು, ಹೋದವರ ಹೆಸರುಗಳು.

"ಯಾವಾಗರೆ ಬರ್ತಾರ. ಬಂದಾಗ ಇಲ್ಲ ಅನ್ನಬಾರ್ದು," ಎಂದರು ಹಿಂದೆ ನಿಂತ ಕಾಕಾ. "ನಾಕ ದಿನಾ ಹೊರಗಿಟ್ರ ಇವೂ ಕೆಡ್ತಾವಲ್ಲವಾ."

ಡೇವ್‌ಗೆ ಕನ್ನಡ ಓದಲು ಬಾರದು. ಹಿಮ ದಪ್ಪಗೆ ಕೂತಿದ್ದ ಒಂದು ಡಬ್ಬಿಯತ್ತ ಬೆರಳು ತೋರಿಸಿ "ಹೂಸ್ ಈಸ್ ದಿಸ್?" ಎಂದ. ನಾನು ಹೆಬ್ಬೆರಳಿನಿಂದ ಹಿಮ ಒರೆಸಿದೆ. ಸುಮಿ. ಕಾರಿನಲ್ಲಿ ಒಂದು ಗಂಟೆಯ ದಾರಿ. ಎಂಟು ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಬಂದದ್ದೂ ಬೈಯುವುದಕ್ಕೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಮೈನ್," ಎಂದೆ.

ಡಬ್ಬಿಗಳಲ್ಲಿ ಏನಿದೆ, ಯಾರಿಗಾಗಿ ಇದೆ ಎಂದು ಡೇವ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಕಾಕಾರ ಹೆಗಲ ಮೇಲೆ ಕೈಯಿಟ್ಟು, ಬಿಸಿ ಮಾಡುವುದಾದರೆ ತನಗೂ ಒಂದು ಇರಲಿ ಎಂದ.

"ಆಸ್ಕ್ ಹರ್," ಎಂದರು ಕಾಕಾ. "ಇಟ್ ಈಸ್ ಹರ್ ಡಬ್ಬಿ."