ಪದಗಳಿಗೆ ಗಾಳಿ ಬಿಟ್ಟ ಕಥೆ

ನನ್ನ ಮಾತು ಕಂಪ್ಯೂಟರಿನೊಳಗೆ ಹೋಗಿದೆ! ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು, ಮೂಡಿಗೆರೆ ಹತ್ತಿರ ಎಸ್ಟೇಟಿನಲ್ಲಿ ಮೇಸ್ತ್ರಿ ಕೆಲಸ ಮಾಡಿದ ನನ್ನಂಥವನಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ.

ಮೊಮ್ಮಗಳು ಸಿಂಚನ ಡಿಪ್ಲೊಮಾ ಓದುತ್ತಾಳೆ. ಸೋಮವಾರ ಅವಳಿಗೆ ಲ್ಯಾಬ್ ಪರೀಕ್ಷೆ. ಸಿ ಅಂತ ಒಂದು ಭಾಷೆಯಂತೆ, ಅದರಲ್ಲಿ ಪ್ರೋಗ್ರಾಂ ಬರೆಯಬೇಕು. ಆ ಪ್ರೋಗ್ರಾಂ ಒಂದು ಫೈಲು ತೆರೆದು, ಅಕ್ಷರ ಅಕ್ಷರವಾಗಿ ಓದಿ, ಎಷ್ಟು ಪದ ಇದೆ ಅಂತ ಹೇಳಬೇಕು. ಹೋದ ಸಲ ಇದೇ ಲ್ಯಾಬಿನಲ್ಲಿ ಫೇಲಾಗಿದ್ದಳು. ಈ ಸಲವೂ ಹೋದರೆ ಮುಂದಿನ ವರ್ಷಕ್ಕೆ ಹತ್ತಿಸುವುದಿಲ್ಲವಂತೆ.

"ಅಜ್ಜ, ಪ್ರೋಗ್ರಾಂ ಓದೋಕೆ ಏನಾದ್ರೂ ಬೇಕು. ಒಂದು ಕಥೆ ಹೇಳಿ" ಅಂದಳು ಭಾನುವಾರ ಮಧ್ಯಾಹ್ನ.

ಆನೆ ಬಂದು ನಮ್ಮ ಬಾಳೆ ತಿಂದದ್ದನ್ನು ಹೇಳಿದೆ. ಟಕಟಕ ಟೈಪ್ ಮಾಡಿ, ಪ್ರೋಗ್ರಾಂ ಓಡಿಸಿದಳು. ನಲವತ್ತು ಪದ! ನಾನು ಬೆರಳು ಮಡಚಿ ಎಣಿಸಿದೆ. ನಲವತ್ತೇ! ಕಣ್ಣಲ್ಲಿ ನೀರು ಬಂತು.

ಅವಳು ಊಟಕ್ಕೆ ಎದ್ದಳು. ನಾನು ನನ್ನ ಕಥೆಯನ್ನು ನೋಡುತ್ತಾ ಕೂತೆ. ನೋಡಿದಷ್ಟೂ ಮನಸ್ಸಿಗೆ ಒಗ್ಗಲಿಲ್ಲ. ಪದಗಳು ಒಂದರ ಮೈಮೇಲೆ ಒಂದು ಬಿದ್ದಂತಿದ್ದವು. ಹೀಗೆ ಒತ್ತಾಗಿ ಕಾಫಿ ಗಿಡ ನೆಟ್ಟವರನ್ನು ನಾನು ಬೈದು, ಕಿತ್ತು ಮತ್ತೆ ನೆಡಿಸಿದ್ದೇನೆ! ಗಾಳಿ ಬೆಳಕು ಆಡಬೇಡವೇ?

ಉದ್ದದ ಕೀ ಒತ್ತಿದರೆ ಜಾಗ ಬೀಳುತ್ತದೆಂದು ಅವಳೇ ತೋರಿಸಿದ್ದಳು. ಪದಕ್ಕೂ ಪದಕ್ಕೂ ನಡುವೆ ಧಾರಾಳವಾಗಿ ಒತ್ತಿದೆ. ಸಾಲುಗಳ ನಡುವೆ ಆಳು ಓಡಾಡುವಷ್ಟು ದಾರಿ ಬಿಟ್ಟೆ. ಉಳಿಸುವ ಕೀ ಕೂಡ ಒತ್ತಿದೆ. ಅಷ್ಟು ಮಾತ್ರ ಕಲಿತಿದ್ದೆ, ಏನು ಮಾಡುವುದು!

ಸಿಂಚನ ಬಂದು, ಕಥೆಯ ಕಡೆ ನೋಡದೆ ಪ್ರೋಗ್ರಾಂ ಓಡಿಸಿದಳು. ಇನ್ನೂರ ಹನ್ನೊಂದು!

"ಅಯ್ಯೋ, ನಾನೇನೂ ಸೇರಿಸಿಲ್ವಲ್ಲ! ಆಗ್ಲೇ ಸರಿ ಇತ್ತು!" ಮುಖ ಬಾಡಿ ಹೋಯಿತು. "ಜಾಗಾನೂ ಎಣಿಸ್ತಿದ್ಯೋ ಏನೋ" ಅಂತ ಗೊಣಗಿ, ಸಹಪಾಠಿಗೆ ಫೋನ್ ಮಾಡಲು ಅಂಗಳಕ್ಕೆ ಹೋದಳು.

ಜಾಗವೇ ತೊಂದರೆಯಾದರೆ ಜಾಗವನ್ನೇ ತೆಗೆದರಾಯಿತು! ಅಳಿಸುವ ಕೀ ಹಿಡಿದು ಎಲ್ಲಾ ಜಾಗ ಮುಚ್ಚಿದೆ. ಚೂರೂ ಬಿಡಲಿಲ್ಲ. ಉಳಿಸುವ ಕೀಯನ್ನೂ ಒತ್ತಿದೆ.

ವಾಪಸ್ ಬಂದು ಓಡಿಸಿದಳು. ಒಂದು!

"ಒಂದಾ? ಇಡೀ ಕಥೆಗೆ ಒಂದೇ ಪದಾನಾ!" ಹುಡುಗಿ ಅಳಲು ಶುರು ಮಾಡಿದಳು.

ಒಳಗಿನಿಂದ ನನ್ನ ಹೆಂಡತಿ ಬಂದವಳು ನನ್ನ ಮುಖ ನೋಡಿದ್ದೇ ತಡ, "ನೀವು ಏನೋ ಮಾಡಿದ್ದೀರಿ ಮಾರಾಯ್ರೆ" ಅಂದಳು.

"ಪದಗಳ ನಡುವೆ ಸ್ವಲ್ಪ ಗಾಳಿ ಬಿಟ್ಟೆ, ಆಮೇಲೆ ಎಲ್ಲಾ ಮುಚ್ಚಿದೆ" ಅಂದೆ.

"ಅದೇನು ತೋಟವಾ? ನಾಳೆ ನೆರಳು ಜಾಸ್ತಿಯಾಯ್ತು ಅಂತ ಕಂಪ್ಯೂಟರನ್ನೂ ಕಡೀತೀರಾ?"

ಸಿಂಚನ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ಬೈಯುತ್ತಾಳೆಂದುಕೊಂಡೆ. ನಕ್ಕುಬಿಟ್ಟಳು!

"ಅಜ್ಜ, ತಪ್ಪು ನನ್ನದೇ. ನಾನು ಜಾಗ ಎಣಿಸಿ, ಅದಕ್ಕೆ ಒಂದು ಕೂಡಿಸಿ, ಇಷ್ಟು ಪದ ಅಂತಿದ್ದೆ. ಜಾಗ ಎಷ್ಟಾದ್ರೂ ಇರಲಿ, ಅದು ಮುಗಿದು ಅಕ್ಷರ ಶುರುವಾದಾಗ ಮಾತ್ರ ಒಂದು ಅಂತ ಎಣಿಸಬೇಕು."

ಏನೇನೋ ಒತ್ತಿ ನನ್ನ ಪದಗಳನ್ನು ಬಿಡಿಸಿಕೊಂಡಳು. ಪ್ರೋಗ್ರಾಂ ತಿದ್ದಿದಳು. ಆಮೇಲೆ ಲ್ಯಾಪ್‌ಟಾಪನ್ನೇ ನನ್ನ ಮುಂದೆ ತಳ್ಳಿದಳು. "ಈಗ ನಿಮಗೆ ಹೇಗೆ ಬೇಕೋ ಹಾಗೆ ಹಾಳು ಮಾಡಿ."

ಮಾಡಿದೆ! ಮುಂದೆ, ಹಿಂದೆ, ನಡುವೆ, ಎಲ್ಲೆಂದರಲ್ಲಿ ಜಾಗ ಸುರಿದೆ. ಬರೀ ಖಾಲಿ ಸಾಲುಗಳನ್ನೂ ಬಿಟ್ಟೆ. ಹೆಂಡತಿಯೂ "ಇಲ್ಲೊಂದಿಷ್ಟು" ಅಂತ ಕೈ ಹಾಕಿದಳು. ಪ್ರೋಗ್ರಾಂ ಓಡಿಸಿದರೆ, ನಲವತ್ತು! ಅಲ್ಲಾಡಲಿಲ್ಲ.

ಸೋಮವಾರ ಸಾಯಂಕಾಲ ಬಸ್ಸಿಳಿದು ಓಡಿಬಂದಳು. "ಪಾಸ್ ಅಜ್ಜ! ಬೇಕಂತಲೇ ಎಡವಟ್ಟು ಫೈಲು ಕೊಟ್ಟಿದ್ರು, ನನ್ನ ಪ್ರೋಗ್ರಾಂ ಸರಿಯಾಗಿ ಹೇಳ್ತು. ನಿಮ್ಮ ಫೈಲು ತೋರಿಸಿದೆ, ಸರ್ ಅದನ್ನೂ ಇಸ್ಕೊಂಡ್ರು. ಇನ್ಮೇಲೆ ಎಲ್ಲರಿಗೂ ಅದನ್ನೇ ಕೊಡ್ತಾರಂತೆ."

ಉಳಿದದ್ದನ್ನು ಕೇಳುವಷ್ಟು ತಾಳ್ಮೆ ಯಾರಿಗಿತ್ತು! ಪೇಟೆಗೆ ಹೋಗಿ ಮೈಸೂರು ಪಾಕು ತಂದು ಎಸ್ಟೇಟಿನ ಆಳುಗಳ ಲೈನಿನ ಮನೆಮನೆಗೂ ಹಂಚಿದೆ. "ನನ್ನ ಕಥೆ ಕಾಲೇಜಿನಲ್ಲಿ ಇಟ್ಟಿದ್ದಾರೆ!" ಅಂತ ಎಲ್ಲರಿಗೂ ಹೇಳಿದೆ. ಕೇಳದವರಿಗೂ ಹೇಳಿದೆ.

ಮನೆಗೆ ಬಂದಾಗ ಹೆಂಡತಿ ಸಿಂಚನಳನ್ನು ಕೇಳುತ್ತಿದ್ದಳು. "ಅಷ್ಟು ಚೆನ್ನಾಗಿತ್ತಾ ಆನೆ ಕಥೆ?"

"ಕಥೆ ಯಾರು ಓದಿದ್ರು ಅಜ್ಜಿ! ಇಷ್ಟು ಕೆಟ್ಟದಾಗಿ ಟೈಪಾದ ಫೈಲನ್ನ ಸರ್ ತಮ್ಮ ಸರ್ವೀಸಲ್ಲೇ ನೋಡಿಲ್ವಂತೆ."

ನಾನು ಬಾಗಿಲಲ್ಲೇ ನಿಂತೆ. ಮೈಸೂರು ಪಾಕನ್ನು ವಾಪಸ್ ಕೇಳಲು ಬರುವುದಿಲ್ಲವಲ್ಲ!