ಭಾವಮೈದುನನ ನೂರ ಎಂಬತ್ತಮೂರು ದಿನಗಳು

ನಾನು ಬುದ್ಧಿವಂತನೆಂದು ನನ್ನ ಹೆಂಡತಿ ಇದುವರೆಗೆ ಒಮ್ಮೆಯೂ ಹೇಳಿಲ್ಲ. ಹೇಗಾದರೂ ಹೇಳಿಸಿಕೊಳ್ಳಬೇಕೆಂದು ಹೊರಟಿದ್ದೇ ಈ ಅನಾಹುತಕ್ಕೆ ಮೂಲ.

ನಮ್ಮದೊಂದು ಕನ್ನಡಕದ ಅಂಗಡಿ. ಪಾಲುದಾರರು ಇಬ್ಬರು: ದಿನವಿಡೀ ಗಿರಾಕಿಗಳ ಮೂಗು ಅಳೆಯುವ ನಾನು, ಪರದೇಶದಲ್ಲಿ ಕೂತು ಲಾಭದಲ್ಲಿ ಅರ್ಧ ಪಡೆಯುವ ನನ್ನ ಹೆಂಡತಿಯ ತಮ್ಮ. ಅವನು ಅನಿವಾಸಿ. ಆದ್ದರಿಂದ ಅವನ ಪಾಲು ಕಳಿಸುವ ಮೊದಲೇ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಿ, ಹದಿನಾಲ್ಕು ಪುಟದ ಫಾರಂ ತುಂಬಬೇಕಾದವನು ನಾನು. (ಲಾಭ ಅವನದು, ತೆರಿಗೆ ಅವನದು, ತಲೆನೋವು ಮಾತ್ರ ನನ್ನದು!) ಒಂಬತ್ತನೇ ಪುಟದಲ್ಲಿ ‘ಮೇಲಿನದು ಅನ್ವಯಿಸದಿದ್ದರೆ ಕೆಳಗಿನದನ್ನು ಬಿಡಿ’ ಎಂದಿದೆ. ಕೆಳಗೆ ‘ಇದನ್ನು ಬಿಟ್ಟಿದ್ದರೆ ಮೇಲಿನದನ್ನು ತುಂಬಿ’ ಎಂದಿದೆ. ಹೋದ ವರ್ಷ ಗಾಬರಿಯಲ್ಲಿ ಅನಿವಾಸಿಯ ಕಲಂನಲ್ಲಿ ನನ್ನ ಹೆಸರನ್ನೇ ಬರೆದು, ನಾನು ಇಲ್ಲೇ ಇದ್ದೇನೆಂದು ಸಾಬೀತು ಮಾಡಲು ಮೂರು ಸಲ ಖುದ್ದಾಗಿ ಕಚೇರಿಗೆ ಅಲೆದೆ.

“ವರ್ಷದಲ್ಲಿ ನೂರ ಎಂಬತ್ತಮೂರು ದಿನ ಇಲ್ಲಿದ್ರೆ ಅವ್ರು ನಿವಾಸಿ. ಆಗ ಈ ಫಾರಂ ಬೇಡ. ಆದ್ರೆ...” ಎಂದರು ನಮ್ಮ ಆಡಿಟರು. ನಾನು ‘ಆದ್ರೆ’ಗೆ ಕಾಯಲಿಲ್ಲ. ಓಡಿಬಂದು ಭಾವಮೈದುನನನ್ನು ಕರೆಸಿದೆ.

ಲ್ಯಾಪ್‌ಟಾಪ್ ಇದ್ದಲ್ಲೇ ಅವನ ಕೆಲಸ, ಬಂದೇಬಿಟ್ಟ. ನನ್ನ ಮಂಚ ಅವನ ವಶವಾಯಿತು, ಹಾಲ್‌ನ ನೆಲ ನನ್ನ ಪಾಲಿಗೆ ಬಂತು. ನಾನು ಹಾಜರಿ ಪುಸ್ತಕ ತಂದು ದಿನಾ ಬೆಳಗ್ಗೆ ಅವನಿಂದ ಸಹಿ ಹಾಕಿಸಿಕೊಂಡೆ. ನೂರ ಎಪ್ಪತ್ತನೇ ದಿನ ಅವನು ಪೆನ್ನು ಎಸೆದ.

“ಸಹಿ ಹಾಕಿ ಹಾಕಿ ಸಾಕಾಯ್ತು ಭಾವ! ನಾಳೆ ಹೊರಡ್ತೀನಿ.”

“ಕಾಲಿಗೆ ಬೀಳ್ತೀನಿ ಮಾರಾಯ, ಇನ್ನು ಹದಿಮೂರೇ ದಿನ!”

“ಏನ್ರೀ ಇದು? ನಮ್ಮಮ್ಮ ಎರಡು ದಿನ ಇದ್ರೇ ಮುಖ ಊದಿಸ್ಕೊಳ್ಳೋರು ನೀವು!” ಎಂದು ನನ್ನವಳು ಕಣ್ಣರಳಿಸಿದಳು.

ಆ ಮಹಾದಿನ ಬಂತು. ಹಾಜರಿ ಪುಸ್ತಕ, ಹೆಂಡತಿ, ಭಾವಮೈದುನ ಸಮೇತ ಆಡಿಟರ ಮುಂದೆ ನಿಂತೆ.

“ಭೇಷ್! ಇವ್ರೀಗ ನಿವಾಸಿ. ಹದಿನಾಲ್ಕು ಪುಟದ ಫಾರಂ ಹೋಯ್ತು,” ಎಂದರು. ನಾನು ಎದೆಯುಬ್ಬಿಸಿದೆ. “ಇನ್ಮೇಲೆ ಇವ್ರ ಆ ದೇಶದ ಸಂಬಳ, ಬಾಡಿಗೆಗೆ ಕೊಟ್ಟಿರೋ ಮನೆ, ಎಲ್ಲಾನೂ ಇಲ್ಲೇ ತೋರಿಸ್ಬೇಕು. ಅದಕ್ಕೆ ನಲವತ್ತೆರಡು ಪುಟ. ಅವತ್ತು ಅದನ್ನೇ ಹೇಳೋಕ್ ಹೊರಟಿದ್ದೆ, ನೀವು ಓಡಿಹೋದ್ರಿ.”

“ನಂಗೆ ಇದರ ತಲೆಬುಡ ಗೊತ್ತಿಲ್ಲ!” ಎಂದು ಭಾವಮೈದುನ ಬೆವೆತ.

“ನೀನ್ಯಾಕೋ ಹೆದರ್ತೀಯ? ನಿನ್ನ ಕರೆಸಿದ್ದು ಯಾರು? ಅವ್ರೇ ತುಂಬ್ತಾರೆ,” ಎಂದಳು ಅವನ ಅಕ್ಕ.

ಈಗ ನಾಲ್ಕನೇ ಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂದೊಂದು ಕಲಂಗೂ ಅವನನ್ನೇ ಕೇಳಬೇಕಾದ್ದರಿಂದ ನನ್ನವಳು ಅವನ ಟಿಕೆಟ್ ರದ್ದು ಮಾಡಿಸಿದ್ದಾಳೆ. ಸಹಿಯ ಕಾಟ ತಪ್ಪಿದ ಮೇಲೆ ಅವನ ಮುಖ ಕಳೆಕಳೆಯಾಗಿದೆ.

“ನಿಧಾನವಾಗಿ ತುಂಬಿ ಭಾವ,” ಎನ್ನುತ್ತಾನೆ ದಿನಾ. “ನಂಗೇನೂ ಅವಸರ ಇಲ್ಲ.”