ಮೊಮ್ಮಗಳ ಹೆಚ್ಚುವರಿ ಹಲ್ಲನ್ನು ಅಜ್ಜನ ಬಾಯಿಗೆ ವರ್ಗಾಯಿಸುವ ಬಗ್ಗೆ

ಇಂದ
ಸಿಬ್ಬಂದಿ ಶಾಖೆಯ ನಿವೃತ್ತ ಹೆಡ್ ಗುಮಾಸ್ತರು,
ಹಾಲಿ ಎಂಟು ವರ್ಷದ ಮೊಮ್ಮಗಳ ಅಜ್ಜ.

ಗೆ
ಮಕ್ಕಳ ಹಲ್ಲಿನ ಡಾಕ್ಟರಮ್ಮನವರು,
ಔಷಧಿ ಅಂಗಡಿಯ ಮಹಡಿ.

ಮಾನ್ಯರೇ,

ವಿಷಯ: ಹೆಚ್ಚುವರಿ ಹಲ್ಲನ್ನು ಖಾಲಿ ಸ್ಥಾನಕ್ಕೆ ವರ್ಗಾಯಿಸುವಂತೆ ಕೋರಿ.

ಉಲ್ಲೇಖ: ೧. ತಾವು ತೆಗೆಸಿದ ಎಕ್ಸ್-ರೇ.
೨. ಕಳೆದ ಭೇಟಿಯಲ್ಲಿ ಮೊಮ್ಮಗಳು ತಮ್ಮ ತೋರುಬೆರಳನ್ನು ಕಚ್ಚಿದ ಘಟನೆ.

ಅರ್ಜಿದಾರರು ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೊದಲನೆಯದಾಗಿ, ಬೆರಳಿನ ಬಗ್ಗೆ ವಿಷಾದವಿದೆ.

೧. ಸದರಿ ಮೊಮ್ಮಗಳ ಮೇಲ್ದವಡೆಯಲ್ಲಿ, ಎರಡು ಬಾಚಿಹಲ್ಲುಗಳು ಬರಬೇಕಾದ ಜಾಗದ ನಟ್ಟನಡುವೆ, ಯಾವ ಮಂಜೂರಾತಿಯೂ ಇಲ್ಲದೆ ಮೊಳೆಯಂಥ ಚೂಪು ಹಲ್ಲೊಂದು ಬಂದು ಕೂತಿದೆ. ಕರೆಯದೆ ಬಂದ ನೆಂಟ ನಡುಮನೆಯಲ್ಲೇ ಹಾಸಿಗೆ ಬಿಡಿಸಿದ ಹಾಗಾಗಿದೆ. ಆ ಕಾರಣ ಎಡಗಡೆಯ ಬಾಚಿಹಲ್ಲು ಮುನಿಸಿಕೊಂಡು ಪಕ್ಕಕ್ಕೆ ತಿರುಗಿದೆ. ಬಲಗಡೆಯದು ಇಳಿಯಲು ದಾರಿಯಿಲ್ಲದೆ ಒಸಡಿನೊಳಗೇ ಸಿಕ್ಕಿಕೊಂಡಿರುವುದು ಎಕ್ಸ್-ರೇಯಿಂದ ತಿಳಿದುಬಂದಿದೆ.

೨. ಈ ಹಲ್ಲನ್ನು ಕೀಳದ ಹೊರತು ಒಳಗಿನದು ಬರುವುದು ಕಷ್ಟವೆಂದು ತಾವು ತಿಳಿಸಿದಾಗ, ಅರ್ಜಿದಾರರ ಪತ್ನಿಯವರು ಒಪ್ಪಲಿಲ್ಲ. "ಬಂದಿರೋ ಹಲ್ಲನ್ನ ಯಾರಾದ್ರೂ ಕೀಳಿಸ್ತಾರೇನ್ರೀ? ನಿಮ್ಮ ಬಾಯಲ್ಲಿ ಒಂದೂ ಇಲ್ಲ ಅಂತ ಹೊಟ್ಟೆಕಿಚ್ಚು ನಿಮಗೆ," ಎಂದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಅರ್ಜಿದಾರರಿಗೆ ಗೊತ್ತು. ಹಲ್ಲೇ ಹೆಚ್ಚಾದರೆ ಏನೆನ್ನಬೇಕೆಂದು ಯಾವ ಗಾದೆಯೂ ಹೇಳದ ಕಾರಣ ಎಕ್ಸ್-ರೇಯನ್ನೇ ತೆಗೆದು ತೋರಿಸಿದರು. ಅದನ್ನು ನೋಡಿದ ಮೇಲೆ ಪತ್ನಿಯವರು, "ಅಯ್ಯೋ ಪಾಪ, ಒಳಗೆ ಅದಕ್ಕೆ ಉಸಿರು ಕಟ್ಟಲ್ವಾ?" ಎಂದು ತಾವಾಗಿಯೇ ಪಕ್ಷ ಬದಲಿಸಿದರು.

೩. ಮೊಮ್ಮಗಳು ಮಾತ್ರ ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ. ಕಾರಣ ಕೇಳಲಾಗಿ, "ಕಿತ್ತು ಕಸದ ಡಬ್ಬಿಗೆ ಹಾಕ್ತಾರೆ. ಪಾಪ, ಅದೇನು ತಪ್ಪು ಮಾಡಿದೆ?" ಎಂದಳು. ತಪ್ಪಲ್ಲ ಪುಟ್ಟಿ, ಹೆಚ್ಚುವರಿ ಅಷ್ಟೇ ಎಂದು ಅರ್ಜಿದಾರರು ವಿವರಿಸಿದರು. ಅಲ್ಲೇ ಎಡವಟ್ಟಾಯಿತು.

"ನೀನೇ ಹೇಳಿದ್ದೆಯಲ್ಲ ಅಜ್ಜ, ನಿಮ್ಮ ಆಫೀಸಲ್ಲಿ ಹೆಚ್ಚಾದೋರನ್ನ ಮನೆಗೆ ಕಳಿಸ್ತಿರಲಿಲ್ಲ, ಖಾಲಿ ಇರೋ ಕಡೆಗೆ ಹಾಕ್ತಿದ್ರಿ ಅಂತ? ನಿನ್ನ ಬಾಯೆಲ್ಲಾ ಖಾಲಿ!"

೪. ಊಟಕ್ಕೆ ಕೂತಾಗಲೆಲ್ಲ ಹಾಗೆಂದು ಕೊಚ್ಚಿಕೊಂಡವರು ಅರ್ಜಿದಾರರೇ ಆದ್ದರಿಂದ ಈಗ ಇಲ್ಲವೆನ್ನುವಂತಿಲ್ಲ. ತಪ್ಪಿಸಿಕೊಳ್ಳಲೆಂದು, "ಅದಕ್ಕೆಲ್ಲ ಅರ್ಜಿ ಹಾಕಬೇಕಮ್ಮಾ," ಎಂದರು. ಆಕೆ ಕಾಗದ, ಪೆನ್ಸಿಲು ತಂದಿಟ್ಟು, "ಹಾಕು," ಎಂದಳು.

ಆದ್ದರಿಂದ ಸದರಿ ಹಲ್ಲನ್ನು, ಅದರ ಮರ್ಯಾದೆಗೆ ಧಕ್ಕೆಯಾಗದಂತೆ ಕಿತ್ತು, ಅರ್ಜಿದಾರರ ಬಾಯಿಯ ಯಾವುದಾದರೂ ಒಂದು ಖಾಲಿ ಸ್ಥಾನಕ್ಕೆ ನಿಯೋಜಿಸಬೇಕಾಗಿಯೂ, ಅಲ್ಲಿ ಕೂರಿಸಲು ಸಾಧ್ಯವಾಗದಿದ್ದಲ್ಲಿ ಅರ್ಜಿದಾರರ ಕನ್ನಡಕದ ಡಬ್ಬಿಯಲ್ಲಿ ಕಾಯಂ ಜಾಗ ಕೊಡಬೇಕಾಗಿಯೂ ಕೋರಿಕೆ. ಈ ಅರ್ಜಿಯನ್ನು ಮೊಮ್ಮಗಳ ಎದುರಿಗೆ ಗಟ್ಟಿಯಾಗಿ ಓದಿ, ಮುದ್ರೆ ಒತ್ತುವುದು.

ಇಂತಿ, ಹಲ್ಲಿಲ್ಲದಿದ್ದರೂ ತಮ್ಮ ವಿಶ್ವಾಸಿ,
ಅಜ್ಜ

ಅಡಕಗಳು:
೧. ಹಲ್ಲಿನ ಒಡತಿಯ ಒಪ್ಪಿಗೆ, ಪೆನ್ಸಿಲ್ ರುಜುವಿನೊಂದಿಗೆ.
೨. ಕನ್ನಡಕದ ಡಬ್ಬಿ, ಹತ್ತಿ ಹಾಸಿದ್ದು.

(ಹಾಳೆಯ ಹಿಂಬದಿ. ಇದನ್ನು ಗಟ್ಟಿಯಾಗಿ ಓದತಕ್ಕದ್ದಲ್ಲ.)

ಶಾಲೆಯಲ್ಲಿ ಆಕೆಯನ್ನು 'ಮೊಳೆ' ಎಂದು ಕರೆಯುತ್ತಾರೆ. ಅಂದಿನಿಂದ ಆಕೆ ಬಾಯಿಗೆ ಕೈ ಅಡ್ಡ ಹಿಡಿದು, ಮೂಗಿನಲ್ಲೇ ನಗುವುದನ್ನು ಕಲಿತಿದ್ದಾಳೆ. ಮನೆ ತುಂಬ ಕೇಕೆ ಹಾಕುತ್ತಿದ್ದ ಮಗು. ಅರ್ಜಿದಾರರಿಗೆ ಅದನ್ನು ನೋಡಲಾಗುತ್ತಿಲ್ಲ.

ಈಗ ಆಕೆ ಕೈ ಮರೆತು ನಗುವುದು ಒಂದೇ ಸಂದರ್ಭದಲ್ಲಿ: ಅರ್ಜಿದಾರರು ಹಲ್ಲಿನ ಸೆಟ್ಟನ್ನು ತೆಗೆದು ಬಾಯಿ ಅಗಲಿಸಿದಾಗ. ಇಷ್ಟು ವರ್ಷ ಹೆಂಡತಿಯ ಹೊರತು ಬೇರೆ ದೊಡ್ಡವರ ಮುಂದೆ ಅವರು ಸೆಟ್ ತೆಗೆದದ್ದಿಲ್ಲ. ಆದರೂ ಖಾಲಿ ಸ್ಥಾನಗಳ ಪರಿಶೀಲನೆಯ ನೆಪದಲ್ಲಿ ಮೊದಲು ಅವರನ್ನೇ ಆಕೆಯ ಎದುರಿನ ಕುರ್ಚಿಯಲ್ಲಿ ಕೂರಿಸಿ, ಸೆಟ್ ತೆಗೆಸುವುದು. ಆಕೆಯ ಬಾಯಿ ತಾನಾಗಿಯೇ ತೆರೆಯುತ್ತದೆ.

ತಾವು ಅವಸರಪಡಬೇಕಾಗಿಲ್ಲ. ತಮ್ಮ ಕೆಲಸ ಮುಗಿಯುವವರೆಗೂ ಅರ್ಜಿದಾರರು ಬಾಯಿ ತೆರೆದುಕೊಂಡೇ ಕೂತಿರುತ್ತಾರೆ.